ಹೆದ್ದಾರಿಯ ಮೇಲೊಂದು ಶೀತಲಗೃಹ

ಗಿಡದಿಂದ ಕಿತ್ತ ಸೊಪ್ಪು ಅಥವಾ ಹಣ್ಣು ಆ ಕ್ಷಣದಲ್ಲಿಯೇ ಸತ್ತುಹೋಗುವುದೆಂದು ಸಾಮಾನ್ಯವಾಗಿ ಭಾವಿಸುವುದುಂಟು. ವಾಸ್ತವವಾಗಿ ಹಾಗಲ್ಲ. ಕಿತ್ತ ಬಳಿಕವೂ ಅದರ ಜೀವಕೋಶಗಳು ಉಸಿರಾಡುತ್ತಲೇ ಇರುತ್ತವೆ. ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಂಡು, ತಮ್ಮಲ್ಲಿ ಕೂಡಿಟ್ಟ ಸಕ್ಕರೆಯನ್ನು ನಿಧಾನವಾಗಿ ದಹಿಸಿ, ಇಂಗಾಲದ ಡೈಆಕ್ಸೈಡ್, ನೀರು ಮತ್ತು ಶಾಖಗಳನ್ನು ಹೊರಬಿಡುತ್ತವೆ. ಬೇರಿನ ಸಂಬಂಧ ಕಡಿದುಹೋದ ಮೇಲೆ ಹೊಸ ಆಹಾರವು ಒದಗುವಂತಿಲ್ಲ. ಕೂಡಿಟ್ಟ ಗಂಟು ಕರಗುವವರೆಗೆ ಮಾತ್ರ ಅದರ ಬಾಳು.

ಈ ಗಂಟು ಎಷ್ಟು ಬೇಗ ಕರಗುತ್ತದೆ ಎಂಬುದು ಮುಖ್ಯವಾಗಿ ಉಷ್ಣತೆಯನ್ನು ಅವಲಂಬಿಸಿದೆ. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟದ ವೇಗವು ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. (ಈ ಲೇಖನದಲ್ಲಿ ಬೇರೆ ರೀತಿ ಹೇಳದಿದ್ದಲ್ಲಿ ಉಷ್ಣತೆಯನ್ನೆಲ್ಲ ಸೆಂಟಿಗ್ರೇಡ್ ಮಾನದಲ್ಲಿ ಕೊಟ್ಟಿದೆ.) ಲೆಟ್ಯೂಸ್ ಎಂಬ ಸೊಪ್ಪಿನ ಗೆಡ್ಡೆಗಳನ್ನು 0 ಡಿಗ್ರಿಯಲ್ಲಿಟ್ಟರೆ ಮೂರು ನಾಲ್ಕು ವಾರ ಕೆಡದೆ ಉಳಿಯುತ್ತವೆ, 5 ಡಿಗ್ರಿಯಲ್ಲಿಟ್ಟರೆ ಎರಡು ವಾರ ಮಾತ್ರ. ಬೇಸಗೆಯ ಬಿಸಿಲಿನಲ್ಲಿಯಾದರೋ ಕೆಲವೇ ದಿನಗಳಲ್ಲಿ ಕೊಳೆತುಹೋಗುತ್ತವೆ. ಪ್ರತಿಯೊಂದು ಎಲೆಯ ಒಳಗೂ ಒಂದು ಗಡಿಯಾರವಿದೆಯೆಂದೂ, ಅದರ ಮುಳ್ಳಿನ ವೇಗವನ್ನು ಉಷ್ಣಮಾಪಕವು ನಿಯಂತ್ರಿಸುತ್ತದೆಂದೂ ಹೇಳಬಹುದು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಗಡಿಯಾರವನ್ನು ನಿಧಾನಗೊಳಿಸಿಕೊಂಡು ಸಾವಿರಾರು ಕಿಲೋಮೀಟರ್ ದೂರ ಸಾಗುವ ಲಾರಿಗಳಿವೆ. ಅವನ್ನು ಅಲ್ಲಿನವರು 'ರೀಫರ್' ಎಂದು ಕರೆಯುತ್ತಾರೆ. ಕ್ಯಾಲಿಫೋರ್ನಿಯದ ಸಲಿನಾಸ್ ಕಣಿವೆಯಲ್ಲಿ ವಸಂತದಿಂದ ಶರತ್ಕಾಲದವರೆಗೆ ಬೆಳೆಯುವ ಲೆಟ್ಯೂಸ್, ಸುಮಾರು 4,700 ಕಿಲೋಮೀಟರ್ ಆಚೆಯ ನ್ಯೂಯಾರ್ಕ್ ನಗರವನ್ನು ಹೀಗೆ ತಲಪುತ್ತದೆ. ಈ ಪ್ರಯಾಣದ ಹಿಂದಿರುವ ಭೌತಶಾಸ್ತ್ರವೇನು? ಅದನ್ನು ನಡೆಸಿಕೊಂಡು ಹೋಗುವ ಚಾಲಕನ ಜೀವನ ಎಂತಹದು? ಇವೆರಡನ್ನೂ ಒಟ್ಟಿಗೆ ಪರಿಶೀಲಿಸೋಣ; ಏಕೆಂದರೆ ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವಂತಹುದಲ್ಲ.

ಮಂಜುಗಡ್ಡೆಯ ಕಾಲ

ಯಂತ್ರಗಳು ಬರುವುದಕ್ಕೆ ಮೊದಲು ಈ ಕೆಲಸವನ್ನು ಮಂಜುಗಡ್ಡೆಯೇ ಮಾಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ರೈಲುಗಾಡಿಗಳಲ್ಲಿ ಮಾಂಸವನ್ನೂ ಹಣ್ಣುಗಳನ್ನೂ ಹೀಗೆ ಸಾಗಿಸತೊಡಗಿದರು. 1 ಕಿಲೋಗ್ರಾಂ ಮಂಜುಗಡ್ಡೆಯು ಕರಗಿ ನೀರಾಗುವಾಗ ಸುತ್ತಲಿನಿಂದ 334 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ; ಅದರ ಉಷ್ಣತೆ ಮಾತ್ರ 0 ಡಿಗ್ರಿಯಲ್ಲಿಯೇ ನಿಂತಿರುತ್ತದೆ. ಇದೇ ಗುಪ್ತೋಷ್ಣ. ಇನ್ನೂ ಹೆಚ್ಚಿನ ತಂಪು ಬೇಕಾದಲ್ಲಿ ಮಂಜಿಗೆ ಉಪ್ಪನ್ನು ಬೆರೆಸುತ್ತಿದ್ದರು. ಆದರೆ ಕರಗಿದ ಮಂಜನ್ನು ದಾರಿಯುದ್ದಕ್ಕೂ ಮತ್ತೆ ಮತ್ತೆ ತುಂಬುತ್ತಿರಬೇಕು. ಗಾಡಿ ಎಲ್ಲಿಯಾದರೂ ತಡೆದು ನಿಂತರೆ ಸರಕು ಕೆಟ್ಟಿತೆಂದೇ ಅರ್ಥ. ಸಲಿನಾಸ್‌ನಲ್ಲಿಯೇ ಹುಟ್ಟಿದ ಸಾಹಿತಿ ಜಾನ್ ಸ್ಟೈನ್‌ಬೆಕ್ 1952ರಲ್ಲಿ ಪ್ರಕಟಿಸಿದ 'ಈಸ್ಟ್ ಆಫ್ ಈಡನ್' ಕಾದಂಬರಿಯಲ್ಲಿ ಆಡಂ ಟ್ರಾಸ್ಕ್ ಎಂಬಾತನು ಲೆಟ್ಯೂಸನ್ನು ಮಂಜಿನಲ್ಲಿಟ್ಟು ರೈಲಿನಲ್ಲಿ ನ್ಯೂಯಾರ್ಕಿಗೆ ಕಳುಹಿಸಿ, ದಾರಿಯ ವಿಳಂಬಗಳಿಂದ ಹಣವನ್ನೆಲ್ಲ ಕಳೆದುಕೊಳ್ಳುವ ಪ್ರಸಂಗವು ಬರುತ್ತದೆ.

ಲಾರಿಗಳಿಗೆ ಯಂತ್ರದ ತಂಪನ್ನು ಒದಗಿಸಿದವನು ಫ್ರೆಡರಿಕ್ ಮೆಕಿನ್ಲಿ ಜೋನ್ಸ್. 1893ರಲ್ಲಿ ಹುಟ್ಟಿದ ಈ ಕರಿಯ ಜನಾಂಗದ ಯಂತ್ರಶಿಲ್ಪಿಯು ಬಾಲ್ಯದಲ್ಲಿಯೇ ಅನಾಥನಾದವನು. ಶಾಲೆಯ ವಿದ್ಯಾಭ್ಯಾಸ ಅವನಿಗೆ ದೊರೆತದ್ದು ಅತ್ಯಲ್ಪ. ಪುಸ್ತಕಗಳನ್ನು ಓದಿ, ಯಂತ್ರಗಳನ್ನು ಬಿಚ್ಚಿ ಜೋಡಿಸಿ, ತಾನೇ ಕಲಿತನು. ಮಿನ್ನಿಯಾಪೊಲಿಸ್ ನಗರದಲ್ಲಿ ಜೋಸೆಫ್ ನ್ಯೂಮೆರೊ ಎಂಬವರ ಬಳಿ ಚಲನಚಿತ್ರಗಳ ಧ್ವನಿಯಂತ್ರಗಳನ್ನು ತಯಾರಿಸುತ್ತಿದ್ದಾಗ, 1938ರಲ್ಲಿ ಲಾರಿಗೆ ಹೊಂದಿಸುವ ಶೀತಕಯಂತ್ರವನ್ನು ರಚಿಸಿದನು. ಮನೆಯಲ್ಲಿ ಒಂದೆಡೆ ನಿಂತಿರುವ ಯಂತ್ರಕ್ಕೂ ರಸ್ತೆಯ ಕುಲುಕಾಟವನ್ನು ಹಗಲಿರುಳು ತಾಳಬೇಕಾದ ಯಂತ್ರಕ್ಕೂ ಬಹಳ ಅಂತರವುಂಟು. ಮೊದಲು ಲಾರಿಯ ಅಡಿಯಲ್ಲಿ ಜೋಡಿಸಿದ ಯಂತ್ರವು ರಸ್ತೆಯ ಧೂಳು ಕೆಸರುಗಳಿಗೆ ಸಿಕ್ಕುತ್ತಿದ್ದುದರಿಂದ, ಬಳಿಕ ಅದನ್ನು ಪೆಟ್ಟಿಗೆಯ ಮುಂಗೋಡೆಯ ಮೇಲ್ಭಾಗಕ್ಕೆ ಏರಿಸಲಾಯಿತು. ಇಂದಿಗೂ ಅದರ ಸ್ಥಾನ ಅದೇ. ಇವರಿಬ್ಬರ ಸಂಸ್ಥೆಯೇ ಮುಂದೆ 'ಥರ್ಮೋ ಕಿಂಗ್' ಎಂದು ಹೆಸರಾಯಿತು. ಜೋನ್ಸ್ 1961ರಲ್ಲಿ ತೀರಿಕೊಂಡನು. ಅಮೆರಿಕದ ರಾಷ್ಟ್ರೀಯ ತಂತ್ರವಿದ್ಯಾ ಪದಕವು ಅವನಿಗೂ ನ್ಯೂಮೆರೊಗೂ 1991ರಲ್ಲಿ, ಇಬ್ಬರ ಮರಣಾನಂತರ, ಸಂದಿತು.

ಶಾಖವನ್ನು ಹೊರಗೆ ಹೊರುವ ಯಂತ್ರ

ಶೈತ್ಯವೆಂಬುದು ಒಂದು ವಸ್ತುವಲ್ಲ. ಅದನ್ನು ಪೆಟ್ಟಿಗೆಯೊಳಕ್ಕೆ ತುಂಬಲಾಗದು. ಒಳಗಿರುವ ಶಾಖವನ್ನು ಹೊರಕ್ಕೆ ಸಾಗಿಸುವುದೊಂದೇ ಇರುವ ದಾರಿ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಂಪಾಗುವುದನ್ನು ನಾವೆಲ್ಲರೂ ಬಲ್ಲೆವು. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ತನಗೆ ಬೇಕಾದ ಗುಪ್ತೋಷ್ಣವನ್ನು ಉಳಿದ ನೀರಿನಿಂದ ಕಸಿದುಕೊಳ್ಳುತ್ತದೆ. ರೀಫರಿನ ಯಂತ್ರದಲ್ಲಿಯೂ ತತ್ತ್ವ ಇದೇ. ವ್ಯತ್ಯಾಸವೆಂದರೆ, ಇಲ್ಲಿ ಆವಿಯನ್ನು ಗಾಳಿಗೆ ಬಿಟ್ಟುಬಿಡದೆ, ಹಿಡಿದು ಮತ್ತೆ ದ್ರವವಾಗಿಸುತ್ತಾರೆ. ಬಹಳ ಕಡಿಮೆ ಉಷ್ಣತೆಯಲ್ಲಿ ಕುದಿಯುವ ಒಂದು ದ್ರವವು ಪೆಟ್ಟಿಗೆಯೊಳಗಿನ ಸುರುಳಿಕೊಳವೆಯಲ್ಲಿ ಆವಿಯಾಗಿ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಸಂಪೀಡಕವು ಒತ್ತಿ ಬಿಸಿಮಾಡಿ ಹೊರಗಿನ ಕೊಳವೆಗೆ ತಳ್ಳುತ್ತದೆ. ಅಲ್ಲಿ ಅದು ಹೊರಗಾಳಿಗೆ ಶಾಖವನ್ನು ಒಪ್ಪಿಸಿ ಪುನಃ ದ್ರವವಾಗುತ್ತದೆ. ಶಾಖವು ತನ್ನಷ್ಟಕ್ಕೆ ತಂಪಿನಿಂದ ಬಿಸಿಯ ಕಡೆಗೆ ಹರಿಯದು. ಹರಿಸಬೇಕಾದರೆ ಕೆಲಸವನ್ನು ವ್ಯಯಿಸಬೇಕು. ಈ ಕೆಲಸವನ್ನು ಒದಗಿಸಲು ಲಾರಿಯ ಎಂಜಿನ್ನಿಗೆ ಸಂಬಂಧವಿಲ್ಲದ ಇನ್ನೊಂದು ಸಣ್ಣ ಡೀಸೆಲ್ ಎಂಜಿನ್ ಇರುತ್ತದೆ. ಲಾರಿ ನಿಂತರೂ ಅದು ನಿಲ್ಲುವಂತಿಲ್ಲ.

ಒಂದು ಸಣ್ಣ ಲೆಕ್ಕ

ಇಂತಹ ಲಾರಿಯ ಪೆಟ್ಟಿಗೆಯ ಉದ್ದ 53 ಅಡಿ, ಎಂದರೆ ಸುಮಾರು 16 ಮೀಟರ್. ಅಗಲವೂ ಎತ್ತರವೂ ಎರಡೂವರೆ ಮೀಟರಿಗೆ ಸ್ವಲ್ಪ ಹೆಚ್ಚು. ಆರೂ ಮುಖಗಳ ವಿಸ್ತೀರ್ಣವನ್ನು ಕೂಡಿಸಿದರೆ ಸುಮಾರು 170 ಚದರ ಮೀಟರ್ ಆಗುತ್ತದೆ. ಗೋಡೆಗಳ ನಡುವೆ ಪಾಲಿಯುರೆಥೇನ್ ನೊರೆಯ ಉಷ್ಣನಿರೋಧಕ ಪದರವನ್ನು ತುಂಬಿರುತ್ತಾರೆ. ಚೆನ್ನಾಗಿ ಕಟ್ಟಿದ ಪೆಟ್ಟಿಗೆಯಲ್ಲಿ, ಒಳಗೂ ಹೊರಗೂ 1 ಡಿಗ್ರಿ ಅಂತರವಿದ್ದರೆ ಪ್ರತಿ ಚದರ ಮೀಟರಿನ ಮೂಲಕ ಸುಮಾರು 0.4 ವಾಟ್ ಶಾಖ ನುಸುಳುತ್ತದೆಂದು ಇಟ್ಟುಕೊಳ್ಳೋಣ. ಹೊರಗೆ 40 ಡಿಗ್ರಿ, ಒಳಗೆ 0 ಡಿಗ್ರಿ ಇದ್ದರೆ:

170 × 0.4 × 40 = 2,720 ವಾಟ್.

ಇದರ ಮೇಲೆ ಛಾವಣಿಯ ಬಿಸಿಲು, ಬಾಗಿಲ ಸಂದಿನ ಗಾಳಿ, ಸೊಪ್ಪಿನ ಉಸಿರಾಟದ ಶಾಖ ಇವನ್ನು ಸೇರಿಸಿ ಒಟ್ಟು 5 ಕಿಲೋವಾಟ್ ಎನ್ನೋಣ. ಯಂತ್ರದ ಸಾಮರ್ಥ್ಯವು 15 ಕಿಲೋವಾಟ್ ಇದ್ದರೆ, ಒಳಬರುವ ಶಾಖವನ್ನೆಲ್ಲ ಹೊರದೂಡಿಯೂ 10 ಕಿಲೋವಾಟ್ ಉಳಿಯುತ್ತದೆ. ಇದು ಧಾರಾಳವೆಂದೇ ತೋರುತ್ತದೆ, ಅಲ್ಲವೇ?

ಈಗ ಇನ್ನೊಂದು ಪ್ರಶ್ನೆ. ಹೊಲದಿಂದ ಆಗತಾನೆ ಕಿತ್ತ, 25 ಡಿಗ್ರಿಯಲ್ಲಿರುವ 20 ಟನ್ ಲೆಟ್ಯೂಸನ್ನು ನೇರವಾಗಿ ಲಾರಿಗೆ ತುಂಬಿ 0 ಡಿಗ್ರಿಗೆ ಇಳಿಸಲು ಎಷ್ಟು ಹೊತ್ತು ಬೇಕು? ಸೊಪ್ಪಿನ ಬಹುಪಾಲು ನೀರೇ. ಅದರ ವಿಶಿಷ್ಟೋಷ್ಣವನ್ನು ಕಿಲೋಗ್ರಾಮಿಗೆ 4 ಕಿಲೋಜೂಲ್ ಎಂದು ಹಿಡಿದರೆ, ತೆಗೆಯಬೇಕಾದ ಶಾಖ

20,000 × 4 × 25 = 20,00,000 ಕಿಲೋಜೂಲ್.

ಸೆಕೆಂಡಿಗೆ 10 ಕಿಲೋಜೂಲಿನಂತೆ ತೆಗೆದರೆ ಇದಕ್ಕೆ 2,00,000 ಸೆಕೆಂಡುಗಳು, ಎಂದರೆ ಸುಮಾರು 55 ಗಂಟೆಗಳು ಬೇಕು! ಎರಡು ದಿನಕ್ಕೂ ಮಿಗಿಲು. ಅಷ್ಟೇ ಅಲ್ಲ, ಬೆಚ್ಚಗಿರುವ ಸೊಪ್ಪು ಅಷ್ಟು ಹೊತ್ತೂ ಬಿರುಸಾಗಿ ಉಸಿರಾಡಿ ತಾನೇ ಹೊಸ ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಒತ್ತಾಗಿ ಜೋಡಿಸಿದ ಪೆಟ್ಟಿಗೆಗಳ ನಡುಭಾಗಕ್ಕೆ ತಂಪುಗಾಳಿ ಸುಲಭವಾಗಿ ತಲಪುವುದೂ ಇಲ್ಲ. ಆದುದರಿಂದ ವಾಸ್ತವದಲ್ಲಿ ಸ್ಥಿತಿ ಇನ್ನೂ ಕೆಟ್ಟದ್ದು. ಈ ಲೆಕ್ಕದಿಂದ ತಿಳಿಯಬೇಕಾದ ಮುಖ್ಯಾಂಶವಿದು: ರೀಫರ್ ತಂಪು ಮಾಡುವ ಯಂತ್ರವಲ್ಲ, ಮೊದಲೇ ಮಾಡಿದ ತಂಪನ್ನು ಕಾಯುವ ಯಂತ್ರ.

ಹಾಗಾದರೆ ತಂಪು ಮಾಡುವವರು ಯಾರು? ಸಲಿನಾಸ್‌ನಲ್ಲಿ ಇದಕ್ಕೆ ನಿರ್ವಾತವನ್ನು ಬಳಸುತ್ತಾರೆ. ಸೊಪ್ಪಿನ ಪೆಟ್ಟಿಗೆಗಳನ್ನು ಒಂದು ಉಕ್ಕಿನ ಕೋಣೆಯಲ್ಲಿಟ್ಟು ಗಾಳಿಯನ್ನು ಹೊರಗೆಳೆಯುತ್ತಾರೆ. ಒಳಗಿನ ಒತ್ತಡವು ಪಾದರಸದ 4.6 ಮಿಲಿಮೀಟರಿಗೆ ಇಳಿದಾಗ ನೀರು 0 ಡಿಗ್ರಿಯಲ್ಲಿಯೇ ಕುದಿಯತೊಡಗುತ್ತದೆ! ಹೂಜಿಯ ತತ್ತ್ವವೇ ಇಲ್ಲಿ ಮಹಾವೇಗದಿಂದ ನಡೆಯುತ್ತದೆ. ಎಲೆಗಳಿಂದ 1 ಕಿಲೋಗ್ರಾಂ ನೀರು ಆವಿಯಾದರೆ ಸುಮಾರು 2,500 ಕಿಲೋಜೂಲ್ ಶಾಖ ಹೊರಟುಹೋಗುತ್ತದೆ. 25 ಡಿಗ್ರಿ ಇಳಿಸಲು ಕಿಲೋಗ್ರಾಮಿಗೆ 100 ಕಿಲೋಜೂಲ್ ಸಾಕಾದುದರಿಂದ, ಸೊಪ್ಪಿನ ತೂಕದಲ್ಲಿ ನೂರಕ್ಕೆ ನಾಲ್ಕು ಪಾಲು ನೀರು ಹೋದರೆ ಕೆಲಸ ಮುಗಿಯಿತು. ಎಲೆಗಳು ತೆಳುವಾಗಿ ಅಗಲವಾಗಿರುವುದರಿಂದ ಅರ್ಧ ಗಂಟೆಯ ಸುಮಾರಿಗೆ ಗೆಡ್ಡೆಯ ಒಳಭಾಗವೂ ತಣಿಯುತ್ತದೆ. ಟೊಮೇಟೊದಂತಹ ದಪ್ಪ ಹಣ್ಣಿಗೆ ಈ ಉಪಾಯ ನಡೆಯದು.

ಚಾಲಕನ ಪರೀಕ್ಷೆಗಳು

ಚಾಲಕನ ಮೊದಲ ಕರ್ತವ್ಯವು ಚಕ್ರ ಹಿಡಿಯುವುದಕ್ಕೆ ಮುನ್ನವೇ ಆರಂಭವಾಗುತ್ತದೆ. ಹಿಂದಿನ ಸರಕಿನ ವಾಸನೆಯೂ ಕೊಳೆಯೂ ಉಳಿಯದಂತೆ ಪೆಟ್ಟಿಗೆಯನ್ನು ತೊಳೆಸಿರಬೇಕು. ಗೋಡೆಗಳನ್ನು ಮುಂಚಿತವಾಗಿಯೇ ತಣಿಸಿರಬೇಕು. ಸರಕು ತುಂಬುವಾಗ ಬಾಗಿಲು ತೆರೆದಿರುವಷ್ಟು ಹೊತ್ತು ಯಂತ್ರವನ್ನು ನಿಲ್ಲಿಸುವುದು ವಾಡಿಕೆ. ಇಲ್ಲದಿದ್ದರೆ ಹೊರಗಿನ ತೇವಗಾಳಿ ಒಳನುಗ್ಗಿ, ಸುರುಳಿಕೊಳವೆಯ ಮೇಲೆ ಮಂಜಾಗಿ ಕಟ್ಟಿಕೊಳ್ಳುತ್ತದೆ. ಬಳಿಕ ಚುಚ್ಚಿ ನೋಡುವ ಉಷ್ಣಮಾಪಕದಿಂದ ಸೊಪ್ಪಿನ ಒಳಗಿನ ಉಷ್ಣತೆಯನ್ನು ಅಳೆಯಬೇಕು. 1 ಡಿಗ್ರಿ ಇರಬೇಕಾದಲ್ಲಿ 7 ಡಿಗ್ರಿ ಕಂಡುಬಂದಿತೆನ್ನಿ. ಅದನ್ನು ಸಾಗಣೆಯ ರಸೀದಿಯ ಮೇಲೆ ಬರೆಯಿಸದೆ ಸುಮ್ಮನೆ ರುಜು ಹಾಕಿದರೆ, ದೇಶದ ಆ ಕೊನೆಯಲ್ಲಿ ಸರಕು ಕೆಟ್ಟಿದೆಯೆಂದಾಗ ತಪ್ಪು ಅವನ ತಲೆಯ ಮೇಲೆಯೇ ಬೀಳುವುದು. ಮೇಲಿನ ಲೆಕ್ಕವನ್ನು ಕಾಗದದ ಮೇಲೆ ಮಾಡದಿದ್ದರೂ ಅದರ ಉತ್ತರವನ್ನು ಅನುಭವಸ್ಥ ಚಾಲಕನು ಬಲ್ಲನು: ಬಿಸಿಯಾಗಿ ಬಂದ ಸರಕನ್ನು ದಾರಿಯಲ್ಲಿ ಸರಿಪಡಿಸಲಾಗದು.

ಗಾಳಿಯ ದಾರಿಯನ್ನೂ ಅವನು ನೋಡಿಕೊಳ್ಳಬೇಕು. ಯಂತ್ರದಿಂದ ಹೊರಟ ತಂಪುಗಾಳಿಯು ಛಾವಣಿಗೆ ಕಟ್ಟಿದ ಬಟ್ಟೆಯ ಕೊಳವೆಯ ಮೂಲಕ ಹಿಂಬಾಗಿಲವರೆಗೆ ಹೋಗಿ, ಸರಕನ್ನು ಸುತ್ತಿ ಇಳಿದು, ನೆಲದ ಕಾಲುವೆಗಳಲ್ಲಿ ಹರಿದು ಮರಳಿ ಯಂತ್ರವನ್ನು ಸೇರಬೇಕು. ಒಂದು ಪೆಟ್ಟಿಗೆಯನ್ನು ಛಾವಣಿಯವರೆಗೆ ಏರಿಸಿದರೂ ಈ ಹರಿವು ಕಡಿದು, ಹಿಂಭಾಗದ ಸರಕು ಬೆಚ್ಚಗಾಗುತ್ತದೆ. ಆಗಲೂ ಮುಂಭಾಗದ ಉಷ್ಣಮಾಪಕವು ಎಲ್ಲವೂ ಸರಿಯಾಗಿದೆಯೆಂದೇ ತೋರಿಸುತ್ತಿರಬಹುದು!

ಇನ್ನು ಯಾವ ಸರಕಿಗೆ ಎಷ್ಟು ತಂಪು? ಲೆಟ್ಯೂಸಿಗೆ 0 ಡಿಗ್ರಿ ಹಿತ. ಬಾಳೆಹಣ್ಣಿಗೆ 13 ಅಥವಾ 14 ಡಿಗ್ರಿ. ಅದಕ್ಕಿಂತ ಕೆಳಗಿಳಿದರೆ ಸಿಪ್ಪೆ ಕಪ್ಪಾಗುತ್ತದೆ. ಹೆಪ್ಪುಗಟ್ಟಿಸಿದ ಆಹಾರಕ್ಕೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಐಸ್‌ಕ್ರೀಮಿಗೆ ಫ್ಯಾರನ್‌ಹೀಟ್ ಮಾನದಲ್ಲಿ ಋಣ 20, ಎಂದರೆ ನಮ್ಮ ಮಾನದಲ್ಲಿ ಋಣ 29 ಡಿಗ್ರಿ. ಋಣಚಿಹ್ನೆಯೊಂದನ್ನು ಮರೆತು ಬರಿಯ 20 ಫ್ಯಾರನ್‌ಹೀಟಿಗೆ ಯಂತ್ರವನ್ನು ಹೊಂದಿಸಿದರೆ ಉಷ್ಣತೆ ಋಣ 7 ಡಿಗ್ರಿಯಾಗುತ್ತದೆ. ಐಸ್‌ಕ್ರೀಂ ಮೆತ್ತಗಾಗಿ, ಮತ್ತೆ ಗಟ್ಟಿಯಾಗುವಾಗ ಅದರಲ್ಲಿ ದೊಡ್ಡ ಮಂಜಿನ ಹರಳುಗಳು ಬೆಳೆಯುತ್ತವೆ. ಮೊದಲಿನ ನಯವು ಮತ್ತೆ ಬಾರದು. ಗಣಿತದ ತರಗತಿಯಲ್ಲಿ ಋಣಚಿಹ್ನೆ ಬಿಟ್ಟವನಿಗೆ ಒಂದು ಅಂಕ ಹೋಗುತ್ತದೆ. ಇಲ್ಲಿ ಒಂದು ಲಾರಿಯ ಸರಕೇ ಹೋಗುತ್ತದೆ.

ಬೆಟ್ಟದ ಮೇಲೆ, ಚಳಿಯ ನಾಡಿನಲ್ಲಿ

ಸಲಿನಾಸ್‌ನಿಂದ ಪೂರ್ವಕ್ಕೆ ಹೊರಟ ಲಾರಿಯು 80ನೆಯ ಸಂಖ್ಯೆಯ ಹೆದ್ದಾರಿಯಲ್ಲಿ ಸಿಯೆರಾ ನೆವಾಡ ಪರ್ವತಗಳನ್ನು ಸುಮಾರು 2,200 ಮೀಟರ್ ಎತ್ತರದಲ್ಲಿ ದಾಟುತ್ತದೆ. ನೆವಾಡದ ಮರುಭೂಮಿಯನ್ನು ಹಾದು, ವಯೋಮಿಂಗ್ ಪ್ರಾಂತದಲ್ಲಿ ಸುಮಾರು 2,630 ಮೀಟರ್ ಎತ್ತರವನ್ನು ಏರುತ್ತದೆ. ಅಲ್ಲಿನ ವಾಯುವಿನ ಒತ್ತಡವು ಸಮುದ್ರಮಟ್ಟದ ಒತ್ತಡದ ಮುಕ್ಕಾಲು ಪಾಲಿಗಿಂತ ತುಸು ಕಡಿಮೆ. ಕೆಳನಾಡಿನಲ್ಲಿ ಬಾಯಿ ಮುಚ್ಚಿದ ಆಲೂಗಡ್ಡೆ ಚಿಪ್ಸಿನ ಚೀಲಗಳು ಇಲ್ಲಿ ದಿಂಬಿನಂತೆ ಉಬ್ಬಿಕೊಳ್ಳುತ್ತವೆ. 20 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಉದ್ದದ ಚೀಲವು ಹಿಗ್ಗಲು ಎಡೆಯಿಲ್ಲದಂತೆ ಬಿಗಿಯಾಗಿ ತುಂಬಿದ್ದರೆ, ಅದರ ಒಂದು ಮುಖದ ಮೇಲೆ ಬೀಳುವ ಬಲವು ನೂರು ಕಿಲೋಗ್ರಾಂ ಭಾರಕ್ಕಿಂತಲೂ ಹೆಚ್ಚು! ಇದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಮಾಡಿ ನೋಡಬಹುದು. ಚೀಲದಲ್ಲಿ ಹಿಗ್ಗಲು ಜಾಗ ಬಿಟ್ಟಿರುವುದರಿಂದಲೇ ಅನೇಕ ಚೀಲಗಳು ಒಡೆಯದೆ ಪಾರಾಗುತ್ತವೆ.

ಚಳಿಗಾಲದಲ್ಲಿ ಇನ್ನೊಂದು ವಿಚಿತ್ರ. ಆಗ ಲೆಟ್ಯೂಸ್ ಬರುವುದು ದಕ್ಷಿಣದ ಅರಿಜೋನ ಪ್ರಾಂತದ ಯೂಮಾ ಎಂಬ ಬೆಚ್ಚನೆಯ ಪ್ರದೇಶದಿಂದ. ಹೊರಡುವಾಗ ಬಿಸಿಲು; ಶಿಕಾಗೋ ಸಮೀಪಿಸುವಾಗ ಹೊರಗಾಳಿಯು ಋಣ 20 ಡಿಗ್ರಿ ಇರಬಹುದು. ಸೊಪ್ಪಾದರೋ 0 ಡಿಗ್ರಿಗಿಂತ ತುಸು ಕೆಳಗಿಳಿದೊಡನೆ ಹೆಪ್ಪುಗಟ್ಟಿ, ಕೋಶಗಳು ಒಡೆದು, ಕರಗಿದ ಮೇಲೆ ಲೋಳೆಯಾಗುತ್ತದೆ. ಆಗ ಶೀತಕಯಂತ್ರವು ತನ್ನ ಹೆಸರಿಗೆ ವಿರುದ್ಧವಾಗಿ ಪೆಟ್ಟಿಗೆಯನ್ನು ಬೆಚ್ಚಗಿಡಬೇಕಾಗುತ್ತದೆ! ಸಂಪೀಡಕದಿಂದ ಬಂದ ಬಿಸಿ ಆವಿಯನ್ನು ಹೊರಗಿನ ಕೊಳವೆಗೆ ಕಳುಹಿಸದೆ ಒಳಸುರುಳಿಗೇ ತಿರುಗಿಸಿದರೆ ಈ ಕೆಲಸ ನಡೆಯುತ್ತದೆ. ಸುರುಳಿಯ ಮೇಲೆ ಕಟ್ಟಿದ ಮಂಜನ್ನು ಆಗಾಗ ಕರಗಿಸಲು ಬಳಸುವ ಉಪಾಯವೂ ಇದೇ. ಆದುದರಿಂದ ರೀಫರಿನ ಗುರಿ ಶೈತ್ಯವಲ್ಲ, ಸ್ಥಿರತೆ.

ಎರಡು ಗಡಿಯಾರಗಳು

ಎಲೆಯ ಗಡಿಯಾರವನ್ನು ಮೊದಲೇ ಕಂಡೆವು. ಲಾರಿಯಲ್ಲಿ ಇನ್ನೊಂದು ಗಡಿಯಾರವೂ ಇದೆ, ಅದು ಚಾಲಕನದು. ಅಮೆರಿಕದ ಕಾನೂನಿನಂತೆ ಚಾಲಕನು ಸತತ 10 ಗಂಟೆಗಳ ವಿಶ್ರಾಂತಿಯ ಬಳಿಕ ಹೆಚ್ಚೆಂದರೆ 11 ಗಂಟೆ ಲಾರಿ ನಡೆಸಬಹುದು. ಅದೂ ಕೆಲಸ ಆರಂಭಿಸಿದ 14 ಗಂಟೆಗಳೊಳಗಾಗಿ. 8 ಗಂಟೆ ನಡೆಸಿದ ಮೇಲೆ ಅರ್ಧ ಗಂಟೆ ಬಿಡುವು ಕಡ್ಡಾಯ. 2017ರ ಡಿಸೆಂಬರ್‌ನಿಂದ ಈ ಲೆಕ್ಕವನ್ನು ಎಂಜಿನ್ನಿಗೆ ಜೋಡಿಸಿದ ವಿದ್ಯುನ್ಮಾನ ಯಂತ್ರವೇ ಬರೆದಿಡುತ್ತದೆ. ಗಂಟೆಗೆ ಸರಾಸರಿ 90 ಕಿಲೋಮೀಟರಿನಂತೆ 4,700 ಕಿಲೋಮೀಟರಿಗೆ 52 ಗಂಟೆಗಳ ಚಾಲನೆ ಬೇಕು. ದಿನಕ್ಕೆ 11 ಗಂಟೆಯಂತೆ ಐದು ದಿನಗಳಾಯಿತು.

ಆದರೆ ಸರಕು ತುಂಬುವ ಕಟ್ಟೆಯ ಬಳಿ 5 ಗಂಟೆ ಕಾಯಬೇಕಾಗಿ ಬಂದರೆ? 14 ಗಂಟೆಗಳ ಗಡಿಯಾರವು ಕಾಯುವವನಿಗಾಗಿ ನಿಲ್ಲುವುದಿಲ್ಲ. ಉಳಿಯುವುದು 9 ಗಂಟೆ ಮಾತ್ರ. ಸುಮಾರು 200 ಕಿಲೋಮೀಟರ್ ದಾರಿ ಆ ದಿನ ನಷ್ಟವಾಯಿತು. ಅನೇಕ ಚಾಲಕರಿಗೆ ಸಂಬಳ ಬರುವುದು ಕ್ರಮಿಸಿದ ಮೈಲಿಗಳ ಲೆಕ್ಕದಲ್ಲಿ. ಕಾದ ಹೊತ್ತಿಗೆ ಸಿಗುವುದು ಅಲ್ಪ, ಎಷ್ಟೋ ಬಾರಿ ಏನೂ ಇಲ್ಲ. ಕಳೆದ ಹೊತ್ತನ್ನು ವೇಗದಿಂದಲೋ ನಿದ್ರೆಗೆಟ್ಟೋ ತುಂಬಿಕೊಳ್ಳುವ ಆಸೆ ಹುಟ್ಟುವುದು ಇಲ್ಲಿಯೇ. 36 ಟನ್ ತೂಗುವ ಲಾರಿಯ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತವಾಗಿ ಏರುತ್ತದೆಂಬುದನ್ನು ನೆನೆದರೆ, ಆ ಆಸೆಯ ಅಪಾಯವು ಚಾಲಕನಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂಬುದು ಸ್ಪಷ್ಟವಾಗುತ್ತದೆ.

ರಾತ್ರಿ ಅವನು ಮಲಗುವುದು ಆಸನದ ಹಿಂದಿನ ಕಿರಿದಾದ ಹಾಸಿಗೆಯ ಮೇಲೆ. ಕೆಲವೇ ಅಡಿಗಳಾಚೆ ಶೀತಕದ ಎಂಜಿನ್ ಗುಡುಗುಟ್ಟುತ್ತಿರುತ್ತದೆ. ಹೊಸಬನಿಗೆ ಆ ಸದ್ದಿನಿಂದ ನಿದ್ರೆ ಬಾರದು. ಹಳಬನಿಗಾದರೋ, ಗಿರಣಿ ನಿಂತಾಗ ಗಿರಣಿಯವನಿಗೆ ಎಚ್ಚರವಾಗುವಂತೆ, ಸದ್ದು ನಿಂತರೆ ಎಚ್ಚರ. ಎದ್ದು ಹೋಗಿ ಡೀಸೆಲ್ ಮುಗಿಯಿತೇ, ಪಟ್ಟಿ ಹರಿಯಿತೇ ಎಂದು ನೋಡಬೇಕು. ಮನೆಮಂದಿಯನ್ನು ಕಾಣುವುದು ವಾರಗಳ ಮೇಲೆ. ಕ್ಯಾಲಿಫೋರ್ನಿಯದಲ್ಲಿ ನೆಲಸಿದ ಪಂಜಾಬಿಗಳಲ್ಲಿ ಅನೇಕರು ಈ ವೃತ್ತಿಯಲ್ಲಿದ್ದಾರೆ. ಅವರಿಗಾಗಿ ಅಮೆರಿಕದ ಹೆದ್ದಾರಿಗಳ ಬದಿಯಲ್ಲಿ ರೊಟ್ಟಿ, ದಾಲ್ ದೊರೆಯುವ ಢಾಬಾಗಳೂ ಎದ್ದಿವೆ.

ಈಗ ಎರಡು ಗಡಿಯಾರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡೋಣ. 0 ಡಿಗ್ರಿಯಲ್ಲಿ ಲೆಟ್ಯೂಸಿನ ಆಯುಸ್ಸು 25 ದಿನಗಳೆಂದರೆ, ಐದು ದಿನಗಳ ಪ್ರಯಾಣವು ಅದರ ಐದನೆಯ ಒಂದು ಪಾಲನ್ನು ತೆಗೆದುಕೊಳ್ಳುತ್ತದೆ. 5 ಡಿಗ್ರಿಯಲ್ಲಿ ಅದೇ ಪ್ರಯಾಣವು ಮೂರನೆಯ ಒಂದು ಪಾಲಿಗೂ ಹೆಚ್ಚನ್ನು ನುಂಗುತ್ತದೆ. ತಂಪು ಸರಿಯಾಗಿದ್ದಲ್ಲಿ, ಚಾಲಕನು 10 ಗಂಟೆ ನೆಮ್ಮದಿಯಿಂದ ಮಲಗಿದರೂ ಸೊಪ್ಪಿಗೆ ಹೇಳಿಕೊಳ್ಳುವಂತಹ ನಷ್ಟವಿಲ್ಲ. ತಂಪು ತಪ್ಪಿದಲ್ಲಿ ಆತುರವೆಲ್ಲ ಅವನ ಕಣ್ಣುರೆಪ್ಪೆಗಳ ಮೇಲೆ ಬೀಳುತ್ತದೆ. ಹೊಲದಲ್ಲಿ ಸರಿಯಾಗಿ ತಣಿಸದ ಸೊಪ್ಪು, ಕಟ್ಟೆಯ ಬಳಿ ಸುಮ್ಮನೆ ಕಳೆದ ಗಂಟೆ, ಗಾಳಿಯ ದಾರಿಗೆ ಅಡ್ಡವಿಟ್ಟ ಪೆಟ್ಟಿಗೆ—ಇವೆಲ್ಲವೂ ಕೊನೆಗೆ ಒಬ್ಬ ಮನುಷ್ಯನ ನಿದ್ರೆಯಿಂದಲೇ ವಸೂಲಾಗುತ್ತವೆ.

ಶೀತಕಯಂತ್ರವು ಸೊಪ್ಪಿನ ಆಯುಸ್ಸನ್ನು ಕಾಪಾಡುತ್ತದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ಚಾಲಕನ ನಿದ್ರೆಯನ್ನೂ ಕಾಪಾಡುತ್ತದೆಂಬುದನ್ನು ಅದರೊಡನೆ ಸೇರಿಸಿ ಓದಿಕೊಳ್ಳುವುದು ಉಚಿತ. ಗುಪ್ತೋಷ್ಣ, ವಿಶಿಷ್ಟೋಷ್ಣ, ಉಷ್ಣವಹನ ಇವು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಪದಗಳು ಮಾತ್ರವಲ್ಲ. ಅವುಗಳ ಲೆಕ್ಕವು ಸರಿಯಾಗಿದ್ದ ರಾತ್ರಿ ಹೆದ್ದಾರಿಯ ಬದಿಯಲ್ಲಿ ಒಬ್ಬನು ನಿಶ್ಚಿಂತೆಯಿಂದ ಮಲಗಿರುತ್ತಾನೆ. ದೂರದ ಊರಿನ ಮಾರುಕಟ್ಟೆಗೆ ಹಸಿರು ಸೊಪ್ಪು ಹಸಿರಾಗಿಯೇ ಬರುತ್ತದೆ.